ಬರೆದವರೇ ಅಳಿಸಬೇಕು

ನಾನೊಂದು ಕಲ್ಲು. ಕಡಪಾ ಕಲ್ಲು ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ನಿಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ದಾಯಾದಿಗಳು ಮಲಗಿರಬಹುದು, ಅವರ ಬೆನ್ನ ಮೇಲೆ ನೀವು ಚಪಾತಿ ಲಟ್ಟಿಸುತ್ತಿರಬಹುದು. ನನ್ನ ಪಾಲಿಗೆ ಬಂದದ್ದು ಬೇರೆ ಕೆಲಸ. ಐವತ್ತು ವರ್ಷ ನಾನು ಒಂದು ವಿಶ್ವವಿದ್ಯಾಲಯದ ಭೂಗರ್ಭಶಾಸ್ತ್ರ ವಿಭಾಗದ ಗೋಡೆಯ ಮೇಲೆ ಹಲಗೆಯಾಗಿ ನಿಂತಿದ್ದೆ. ಆ ವಿಭಾಗ ಪ್ರತಿ ವರ್ಷ ಏನೇನು ಮಾಡಬೇಕೆಂದು ಆಸೆಪಟ್ಟಿತೋ ಅದನ್ನು ಮೈಮೇಲೆ ಬರೆಸಿಕೊಂಡೆ. ಏನೇನು ಮಾಡಲಾಗದೆ ಕೈಬಿಟ್ಟಿತೋ ಅದನ್ನು ಅಳಿಸಿಕೊಂಡೆ.

ಹುಟ್ಟಿದ್ದು ನನಗೆ ನೆನಪಿಲ್ಲ. ಯಾರಿಗೆ ತಾನೇ ನೆನಪಿರುತ್ತದೆ? ಮಾಸ್ತರರು ಪಾಠ ಹೇಳುವಾಗ ಕೇಳಿಸಿಕೊಂಡದ್ದಷ್ಟೇ ಗೊತ್ತು. ನೂರು ಕೋಟಿ ವರ್ಷಗಳ ಹಿಂದೆ, ಹೆಚ್ಚು ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಸುಣ್ಣದ ಕೆಸರಾಗಿ, ಪದರದ ಮೇಲೆ ಪದರವಾಗಿ ಕುಳಿತೆನಂತೆ. ಆಗ ಭೂಮಿಯ ಮೇಲೆ ಮೀನಿರಲಿಲ್ಲ, ಹುಲ್ಲಿರಲಿಲ್ಲ, ಹಣಕಾಸು ವಿಭಾಗವಂತೂ ಇರಲೇ ಇಲ್ಲ. ಇಷ್ಟು ವಯಸ್ಸಾದ ನನ್ನ ಮೇಲೆ ಇವರು ಬರೆಯುತ್ತಿದ್ದದ್ದು ಬರೀ ಒಂದು ವರ್ಷದ ಯೋಜನೆ. ಅದನ್ನೂ ಪೂರ್ತಿ ಮಾಡಲಾಗದೆ ಅವರು ಒದ್ದಾಡುವುದನ್ನು ನೋಡಿ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಬರಲಿಲ್ಲ.

ನನ್ನನ್ನು ಗಣಿಯಿಂದ ತಂದವರು ವಾಮನರಾವ್ ಕರ್ಜಗಿ. ಆ ವಿಭಾಗವನ್ನು ಕಟ್ಟಿದ ಮೊದಲ ಮುಖ್ಯಸ್ಥರು ಅವರೇ. ಸಣ್ಣ ಆಳು, ದೊಡ್ಡ ದನಿ, ಸೊಂಟದಲ್ಲಿ ಯಾವಾಗಲೂ ಒಂದು ಸುತ್ತಿಗೆ. ವಿದ್ಯಾರ್ಥಿಗಳನ್ನು ಕಡಪಾ ಕಡೆಗೆ ಅಧ್ಯಯನ ಪ್ರವಾಸಕ್ಕೆ ಕರೆತಂದವರು ಗಣಿಯ ಅಂಗಳದಲ್ಲಿ ನನ್ನನ್ನು ಕಂಡು ನಿಂತುಬಿಟ್ಟರು. ಆಳುದ್ದಕ್ಕಿಂತ ಚೂರು ಹೆಚ್ಚು ಉದ್ದ, ಎದೆಯಷ್ಟು ಅಗಲ, ಎಲ್ಲೂ ಬಿರುಕಿಲ್ಲ. ಬೆರಳಿನಿಂದ ತಟ್ಟಿ ನೋಡಿದರು. ನಾನು ಠಣ್ಣೆಂದೆ.

"ಇದಕ್ಕ ಹೊಳಪು ಕೊಡಬ್ಯಾಡ್ರಿ, ನುಣುಪು ಮಾಡ್ರಿ ಸಾಕು. ಖಡು ಹಿಡೀಬೇಕು," ಎಂದು ಗಣಿಯವನಿಗೆ ಕೈಸನ್ನೆ ಮಾಡಿ ತಿಳಿಸಿದರು. ಖಡು ಎಂದರೆ ಆ ಕಡೆಯವರ ಮಾತಿನಲ್ಲಿ ಸೀಮೆಸುಣ್ಣ. ದುಡ್ಡನ್ನು ತಮ್ಮ ಕಿಸೆಯಿಂದಲೇ ಕೊಟ್ಟರು. ರಸೀದಿ ಕೇಳಲಿಲ್ಲ. ಆ ಒಂದು ರಸೀದಿ ಇಲ್ಲದ್ದರಿಂದ ನನ್ನ ಇಡೀ ಬಾಳಿನ ದಾರಿ ಬೇರೆಯಾಯಿತು.

ಬಸ್ಸಿನ ನಡುದಾರಿಯಲ್ಲಿ ಗೋಣಿಚೀಲ ಹಾಸಿ ನನ್ನನ್ನು ಮಲಗಿಸಿದರು. ಹುಡುಗರು ನನ್ನ ಮೇಲೆ ಕಾಲು ಚಾಚಿಕೊಂಡು, ಕಡಲೆಕಾಯಿ ಸಿಪ್ಪೆ ಉದುರಿಸುತ್ತಾ, ಅಂತ್ಯಾಕ್ಷರಿ ಆಡುತ್ತಾ ಬಂದರು. ಅಷ್ಟು ಜನ ಅಷ್ಟು ಹತ್ತಿರ ನನ್ನ ಸುತ್ತ ಇದ್ದದ್ದು ಅದೇ ಮೊದಲು, ಅದೇ ಕೊನೆ. ನಾನು ಸಂತೋಷವಾಗಿದ್ದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಮುಖ್ಯಸ್ಥರ ಕೋಣೆಯ ಗೋಡೆಗೆ ಕಬ್ಬಿಣದ ಕೊಂಡಿ ಬಡಿದು ನನ್ನನ್ನು ನಿಲ್ಲಿಸಿದರು. ಜೂನ್‌ನಲ್ಲಿ ವಿಭಾಗ ತೆರೆದ ಮೊದಲ ಸೋಮವಾರ ಎಲ್ಲ ಅಧ್ಯಾಪಕರೂ ಆ ಕೋಣೆಯಲ್ಲಿ ಸೇರುತ್ತಿದ್ದರು. ಆಗ ಅವರು ಒಂಬತ್ತು ಮಂದಿ. ಕುರ್ಚಿ ಸಾಲದೆ ಒಬ್ಬರಿಬ್ಬರು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಚಹಾ ಬರುತ್ತಿತ್ತು. ಕರ್ಜಗಿಯವರು ಎದ್ದು ನನ್ನ ನೆತ್ತಿಯ ಮೇಲೆ ಆ ವರ್ಷದ ಇಸವಿ ಬರೆಯುತ್ತಿದ್ದರು. ಅದರ ಕೆಳಗೆ ಮೊದಲ ಸಾಲು ಯಾವಾಗಲೂ ಒಂದೇ: ಅಧ್ಯಯನ ಪ್ರವಾಸ, ಹನ್ನೆರಡು ದಿನ. "ನಾಕು ಗ್ವಾಡಿ ನಡುವ ಕೂತು ಕಲ್ಲು ಕಲಿಯಾಕ ಬರೂದಿಲ್ಲ. ಮೊದಲ ಇದು, ಉಳದದ್ದು ಆಮ್ಯಾಲೆ," ಎನ್ನುತ್ತಿದ್ದರು.

ಆಮೇಲೆ ಒಬ್ಬೊಬ್ಬರಾಗಿ ಬಂದು ತಮಗೆ ಬೇಕಾದ್ದನ್ನು ತಮ್ಮ ಕೈಯಿಂದಲೇ ಬರೆಯಬೇಕು. ಕಲ್ಲು ಕೊಯ್ಯುವ ಗರಗಸಕ್ಕೆ ವಜ್ರದ ಅಲಗು. ಸೂಕ್ಷ್ಮದರ್ಶಕಕ್ಕೆ ಬಲ್ಬು. ಭೂನಕ್ಷೆಗಳು. ಹೊರಗಿನಿಂದ ಯಾರಾದರೂ ಪಂಡಿತರನ್ನು ಕರೆಸಿ ಎರಡು ಉಪನ್ಯಾಸ. ಪಟ್ಟಿ ಹನುಮಂತನ ಬಾಲದಂತೆ ಬೆಳೆದು ನನ್ನ ಪಾದದವರೆಗೆ ಬರುತ್ತಿತ್ತು.

ಹದಿನೈದು ದಿನಕ್ಕೆ ಹಣಕಾಸು ವಿಭಾಗದಿಂದ ಹಂಚಿಕೆಯ ಕಾಗದ ಬರುತ್ತಿತ್ತು. ಕೇಳಿದ್ದರ ಅರ್ಧ, ಕೆಲವು ವರ್ಷ ಅರ್ಧಕ್ಕೂ ಕಡಿಮೆ. ಆಗ ಮತ್ತೆ ಎಲ್ಲರೂ ಸೇರಬೇಕು, ಅಳಿಸಬೇಕು. ಆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಬೇರೆಲ್ಲೂ ಅದು ಇದ್ದಂತೆ ಕಾಣೆ. ಬರೆದವರೇ ಅಳಿಸಬೇಕು. ಮುಖ್ಯಸ್ಥರಾದರೂ ಇನ್ನೊಬ್ಬರ ಸಾಲನ್ನು ಮುಟ್ಟುವಂತಿರಲಿಲ್ಲ.

"ಮಂದೀ ಆಸೆ ಅಳಸೂದು ಭಾಳ ಹಗುರ," ಎಂದು ಕರ್ಜಗಿಯವರು ಹೇಳುತ್ತಿದ್ದರು. "ತನ್ನದು ತಾನ ಅಳಸ್ಕೊಳ್ಳೋ ಮುಂದ ಖರೇ ಬೇಕೋ ಬ್ಯಾಡೋ ಗೊತ್ತಾಗ್ತದ."

ಡಸ್ಟರು ಹಿಡಿದು ನನ್ನೆದುರು ನಿಂತವರ ಮುಖಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇನೆ. ಒಬ್ಬರು ಬಲ್ಬಿನ ಸಾಲಿನ ಮುಂದೆ ಚಹಾ ಆರುವಷ್ಟು ಹೊತ್ತು ನಿಂತರು. ಇನ್ನೊಬ್ಬರು ಪಟಕ್ಕನೆ ಒರೆಸಿ, ಕಿಟಕಿಯ ಕಡೆ ತಿರುಗಿ ಮೂಗು ಉಜ್ಜಿಕೊಂಡರು. ಆದರೆ ಯಾರೂ ಯಾರ ಮೇಲೂ ಮುನಿಸಿಕೊಂಡು ಹೋದದ್ದನ್ನು ಕಾಣೆ. ಮೇಲಿನ ಒಂದು ಸಾಲು, ಕರ್ಜಗಿಯವರದು, ಹನ್ನೆರಡು ದಿನದಿಂದ ಹತ್ತಕ್ಕೋ ಎಂಟಕ್ಕೋ ಇಳಿಯುತ್ತಿತ್ತೇ ಹೊರತು ಅಳಿಯುತ್ತಿರಲಿಲ್ಲ.

ಕರ್ಜಗಿಯವರು ನಿವೃತ್ತರಾಗುವ ವರ್ಷ ನನಗೊಂದು ಗಾಯವಾಯಿತು. ಎಂ.ಎಸ್ಸಿ. ಮೊದಲ ವರ್ಷದ ಹುಡುಗ ಹುಡುಗಿಯರು ಮುಖ್ಯಸ್ಥರ ಕೋಣೆಯಲ್ಲಿ ಹಾಜರಿ ಪುಸ್ತಕಕ್ಕೆ ಕಾಯುತ್ತಾ ನನ್ನ ಜಾತಿ ಯಾವುದೆಂದು ಜಗಳಕ್ಕೆ ಬಿದ್ದರು. ಕೆಲವರು ನಾನು ಸ್ಲೇಟು ಎಂದರು, ಕೆಲವರು ಸುಣ್ಣದಕಲ್ಲು ಎಂದರು. ಎರಡು ಜಡೆಯ ಒಬ್ಬಳು ಏನೂ ಮಾತಾಡದೆ ಪ್ರಯೋಗಾಲಯಕ್ಕೆ ಹೋಗಿ, ಆ್ಯಸಿಡ್ ಸೀಸೆ ತಂದು, ನನ್ನ ಅಂಚಿನ ಮೇಲೆ ಒಂದು ಹನಿ ಬಿಟ್ಟಳು. ಸುಣ್ಣದಕಲ್ಲಾದರೆ ಆ್ಯಸಿಡ್ ಬಿದ್ದಾಗ ನೊರೆ ಬರುತ್ತದೆ. ನಾನು ಬುಸ್ಸೆಂದು ನೊರೆಗಟ್ಟಿದೆ. ಅಷ್ಟರಲ್ಲಿ ಕರ್ಜಗಿಯವರು ಒಳಗೆ ಬಂದರು.

"ಯಾರು ಹಾಕಿದ್ದು?"

"ನಾನ್ರೀ ಸರ್."

"ಏನ್ ತಿಳೀತು?"

"ಸುಣ್ಣದಕಲ್ಲೈತ್ರಿ."

"ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?"

"ಕೇಳಿದ್ರ ನೀವ ಹಾಕಿ ನೋಡು ಅಂತಿದ್ರಿ, ಸರ್."

ಕರ್ಜಗಿಯವರು ನಗುವುದನ್ನು ನಾನು ಅಷ್ಟು ವರ್ಷದಲ್ಲಿ ಮೂರೋ ನಾಲ್ಕೋ ಸಲ ನೋಡಿದ್ದೇನೆ. ಅದರಲ್ಲಿ ಇದೊಂದು. ಹುಡುಗಿಯ ಹೆಸರು ನೀಲಾಂಬಿಕಾ ಗಾಣಿಗೇರ. ಗದಗಿನ ಕಡೆಯವಳು. ನನ್ನ ಅಂಚಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಬಿಳಿಚಿದ ಕುಳಿ ಉಳಿಯಿತು. ನೋವಾಗಲಿಲ್ಲ. ನನ್ನನ್ನು ಯಾರೆಂದು ಕೇಳಿ, ಉತ್ತರಕ್ಕೆ ಕಾದವಳು ಅವಳೊಬ್ಬಳೇ.

ಕರ್ಜಗಿಯವರ ನಂತರ ಮುಖ್ಯಸ್ಥರು ಬದಲಾಗುತ್ತಾ ಹೋದರು. ಪದ್ಧತಿ ಉಳಿಯಿತು, ಜನ ಉಳಿಯಲಿಲ್ಲ. ಒಬ್ಬರು ನಿವೃತ್ತರಾದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಕೊಡುತ್ತಿರಲಿಲ್ಲ. ಅವರ ಪಾಠಗಳು ಉಳಿದವರ ಹೆಸರಿನ ಮುಂದೆ ಸೇರುತ್ತಿದ್ದವು. ಒಂಬತ್ತು ಏಳಾಯಿತು, ಏಳು ನಾಲ್ಕಾಯಿತು. ಕಿಟಕಿಯ ಕಟ್ಟೆಯ ಮೇಲೆ ಈಗ ಯಾರೂ ಕೂರುತ್ತಿರಲಿಲ್ಲ, ಕುರ್ಚಿಗಳೇ ಖಾಲಿಯಿದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹಾಸಿಗೆಯನ್ನೇ ವರ್ಷ ವರ್ಷ ಕತ್ತರಿಸುತ್ತಾ ಬಂದರೆ ಕಾಲನ್ನು ಎಲ್ಲಿಡಬೇಕೋ ಅದನ್ನು ಯಾರೂ ಹೇಳಲಿಲ್ಲ.

ಪ್ರತಿ ಮಾರ್ಚ್ ತಿಂಗಳು ಸಾಮಾನು ಎಣಿಸುವವರು ಬರುತ್ತಿದ್ದರು. ಕುರ್ಚಿ, ಮೇಜು, ಕಪಾಟು, ಎಲ್ಲದರ ಬೆನ್ನ ಮೇಲೂ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರಿತ್ತು. ನನಗಿರಲಿಲ್ಲ. ರಸೀದಿಯಿಲ್ಲದೆ ಬಂದವನು ನಾನು, ಯಾವ ಪುಸ್ತಕದಲ್ಲೂ ನನ್ನ ಹೆಸರಿಲ್ಲ. ಎಣಿಸುವವನು ಒಂದು ಸಲ ನನ್ನೆದುರು ನಿಂತು, "ಇದೇನ್ರೀ? ಇದಕ್ಕ ನಂಬರ ಇಲ್ಲಲ್ಲ?" ಎಂದ. ವಿಭಾಗದ ಜವಾನ ಫಕ್ಕೀರಪ್ಪ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಕಸ ಗುಡಿಸುತ್ತಿದ್ದವನು ತಲೆ ಎತ್ತದೆ, "ಅದು ಗ್ವಾಡೀರಿ," ಎಂದ. ಎಣಿಸುವವನು ಒಪ್ಪಿಕೊಂಡು ಮುಂದೆ ಹೋದ. ಅಂದಿನಿಂದ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಲೆಕ್ಕದಲ್ಲಿ ಗೋಡೆಯಾಗಿದ್ದೆ.

ನೀಲಾಂಬಿಕಾ ತಿರುಗಿ ಬಂದದ್ದು ಅದಾಗಿ ಹತ್ತು ಹನ್ನೆರಡು ವರ್ಷದ ಮೇಲೆ. ಪಿಎಚ್.ಡಿ. ಮುಗಿದಿತ್ತು, ಎರಡು ಜಡೆ ಒಂದು ತುರುಬಾಗಿತ್ತು. ಅತಿಥಿ ಉಪನ್ಯಾಸಕಿ ಎಂದು ತೆಗೆದುಕೊಂಡರು. ಅತಿಥಿ ಎಂಬ ಮಾತಿಗೆ ನಮ್ಮ ಕಡೆ ಬಹಳ ಗೌರವ, ಕೂರಿಸಿ ಉಣಬಡಿಸುತ್ತಾರೆ. ಈ ಅತಿಥಿಯ ಬಾಳು ಬೇರೆ. ಜುಲೈಯಲ್ಲಿ ಆದೇಶ, ಏಪ್ರಿಲ್‌ನಲ್ಲಿ ಬಿಡುಗಡೆ. ಮುಂದಿನ ವರ್ಷ ಕೆಲಸದ ತಾಸುಗಳಿದ್ದರೆ ಮತ್ತೆ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ತನ್ನ ಹೆಸರನ್ನು ತಾನೇ ಬರೆದುಕೊಳ್ಳುವುದು ಚೆನ್ನಲ್ಲವೆಂದು, ಜೂನ್ ಸೋಮವಾರ ಅವಳ ಹೆಸರನ್ನು ಮುಖ್ಯಸ್ಥರು ನನ್ನ ನಡುಭಾಗದಲ್ಲಿ ಬರೆಯುತ್ತಿದ್ದರು: ನೀಲಾಂಬಿಕಾ ಗಾಣಿಗೇರ, ಎಂಟು ತಾಸು. ಏಪ್ರಿಲ್‌ನಲ್ಲಿ ಬರೆದವರೇ ಅಳಿಸುತ್ತಿದ್ದರು. ಹೀಗೆ ಹದಿನೆಂಟು ಸಲ.

ವಾರದ ಆ ಎಂಟು ತಾಸು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎಂ.ಎಸ್ಸಿ. ಪಠ್ಯಕ್ರಮದಲ್ಲಿ ಕ್ಷೇತ್ರಾಧ್ಯಯನ ಎಂಬ ಒಂದು ಪತ್ರಿಕೆಯಿತ್ತು. ವಿದ್ಯಾರ್ಥಿಗಳು ಕಡಿಮೆಯೆಂದರೆ ಐದು ದಿನ ಹೊರಗೆ ಹೋಗಿ ಕಲ್ಲು ನೋಡಿ ಬಂದರೆ ಮಾತ್ರ ಆ ಪತ್ರಿಕೆ ಲೆಕ್ಕಕ್ಕೆ ಬರುತ್ತದೆ. ಪ್ರವಾಸವಿದ್ದರೆ ಪತ್ರಿಕೆ, ಪತ್ರಿಕೆಯಿದ್ದರೆ ಎಂಟು ತಾಸು, ಎಂಟು ತಾಸಿದ್ದರೆ ನೀಲಾಂಬಿಕಾ. ಕರ್ಜಗಿಯವರ ಮೇಲಿನ ಸಾಲು ಕೈಯಿಂದ ಕೈಗೆ ದಾಟಿ ಕೊನೆಗೆ ಅವಳ ಪಾಲಿಗೆ ಬಂದಿತ್ತು. ಇಸವಿಯ ಕೆಳಗೆ ಅದನ್ನು ಅವಳೇ ಬರೆಯುತ್ತಿದ್ದಳು. ಮುತ್ತು ಪೋಣಿಸಿದಂಥ ಅಕ್ಷರ. ನನ್ನ ಮೇಲೆ ಅಷ್ಟು ಮೆಲ್ಲಗೆ ಖಡು ಆಡಿಸಿದವರು ಇನ್ನೊಬ್ಬರಿಲ್ಲ.

ಕೊನೆಗೆ ಖಾಯಂ ಅಧ್ಯಾಪಕರೆಂದು ಉಳಿದವರು ಇಮ್ತಿಯಾಜ್ ಮುಲ್ಲಾ ಒಬ್ಬರೇ. ಅಳಿದ ಊರಿಗೆ ಉಳಿದವನೇ ಗೌಡ ಎಂಬಂತೆ ಮುಖ್ಯಸ್ಥರೂ ಅವರೇ ಆದರು. ಒಳ್ಳೆಯ ಮನುಷ್ಯ, ಮೆತ್ತಗಿನ ದನಿ. ವಿಭಾಗದ ಫ್ಯಾನು ಸುಮ್ಮನೆ ತಿರುಗುತ್ತಿದ್ದರೆ ಮನೆಯದೆಂಬಂತೆ ಎದ್ದು ಆರಿಸುತ್ತಿದ್ದರು. ಜೂನ್ ಸೋಮವಾರ ಈಗ ಕೋಣೆಯಲ್ಲಿ ಮೂವರು: ಮುಲ್ಲಾ ಸರ್, ನೀಲಾಂಬಿಕಾ, ಚಹಾ ತಂದ ಫಕ್ಕೀರಪ್ಪ. ಮುಲ್ಲಾ ಸರ್ ಒತ್ತಾಯ ಮಾಡಿ ಫಕ್ಕೀರಪ್ಪನ ಕೈಯಿಂದಲೂ ಒಂದು ಸಾಲು ಬರೆಸುತ್ತಿದ್ದರು. ಅವನು ಪ್ರತಿ ವರ್ಷ "ಕಸಬರಗಿ ಎರಡು" ಎಂದು ಬರೆಯುತ್ತಿದ್ದ, ಎರಡು ವಾರಕ್ಕೆ ಬಂದು ಒಂದನ್ನು ಅಳಿಸುತ್ತಿದ್ದ. ನನ್ನ ಮೈಯ ಮುಕ್ಕಾಲು ಭಾಗ ಖಾಲಿ. ಮೊದಲು ಬರಹದ ಭಾರಕ್ಕೆ ಗೊಣಗುತ್ತಿದ್ದವನಿಗೆ ಈಗ ಖಾಲಿತನವೇ ಭಾರವಾಗಿತ್ತು.

ನೀಲಾಂಬಿಕಾಳ ಹದಿನೆಂಟನೆಯ ವರ್ಷ ಪ್ರವಾಸಕ್ಕೆ ಕೊಟ್ಟದ್ದು ಬಹಳ ಕಡಿಮೆ. ಹನ್ನೊಂದು ವಿದ್ಯಾರ್ಥಿಗಳು, ಐದು ದಿನ, ಸಂಡೂರಿನ ಗುಡ್ಡ. ಬಸ್ಸು ಬಾಡಿಗೆಗೆ ಹಿಡಿದರೆ ಎರಡೇ ದಿನಕ್ಕೆ ಮುಗಿದುಹೋಗುತ್ತದೆ. ನೀಲಾಂಬಿಕಾ ಯೋಚಿಸಿ ಯೋಚಿಸಿ ದಾರಿ ಕಂಡುಹಿಡಿದಳು. ಕೆಂಪು ಬಸ್ಸಿನಲ್ಲೇ ಹೋಗುವುದು. ಆ ಕಡೆಯ ಒಂದು ಮಠದ ಸ್ವಾಮಿಗಳಿಗೆ ಪತ್ರ ಬರೆದು ಒಪ್ಪಿಸಿದಳು: ಮಲಗಲು ಮಠದ ಪಡಸಾಲೆ, ಎರಡು ಹೊತ್ತೂ ದಾಸೋಹದಲ್ಲಿ ಊಟ. ಐದು ದಿನ ಗುಡ್ಡ ಹತ್ತಿ ಇಳಿದು, ಬಿಸಿಲಿಗೆ ಕಪ್ಪಾಗಿ, ಒಂದು ಚೀಲದ ತುಂಬ ಕಲ್ಲು ಹೊತ್ತುಕೊಂಡು ತಿರುಗಿ ಬಂದರು. ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಅವಳು ಅದನ್ನು ಪೈಸೆಗೆ ಪೈಸೆ ವಿಶ್ವವಿದ್ಯಾಲಯಕ್ಕೆ ಮರಳಿ ಕಟ್ಟಿದಳು. ಮುಲ್ಲಾ ಸರ್‌ಗೆ ಹಿಗ್ಗೋ ಹಿಗ್ಗು. ನನ್ನ ಮೂಲೆಯಲ್ಲಿ ದೊಡ್ಡದಾಗಿ "ಉಳಿತಾಯ" ಎಂದು ಬರೆದು ಸುತ್ತಲೂ ಗೆರೆ ಎಳೆದರು. "ಇಷ್ಟ ರೊಕ್ಕದಾಗ ಇಂಥಾ ಟೂರ್ ಯಾವ ವಿಭಾಗದವ್ರೂ ಮಾಡಿಲ್ರಿ ಮೇಡಂ. ಇನ್ನ ನಮ್ಮ ಮಾತು ಹೆಂಗ ಕೇಳೂದಿಲ್ಲ ನೋಡೂಣು," ಎಂದರು. ಫಕ್ಕೀರಪ್ಪ ಗಿರ್ಮಿಟ್ಟು, ಮಿರ್ಚಿ ತಂದ. ಮೂವರೂ ಕಾಗದದ ಮೇಲೆ ಹರಡಿಕೊಂಡು ತಿಂದರು. ನನಗೂ ಖುಷಿಯಾಯಿತು. ನನಗೇನು ಗೊತ್ತು, ನಾನು ಕಲ್ಲು.

ಹತ್ತೊಂಬತ್ತನೆಯ ಜೂನ್. ಮುಲ್ಲಾ ಸರ್ ಇಸವಿ ಬರೆದರು. ನೀಲಾಂಬಿಕಾ ಅಧ್ಯಯನ ಪ್ರವಾಸ, ಐದು ದಿನ ಎಂದು ಬರೆದಳು. ಮುಲ್ಲಾ ಸರ್ ಅವಳ ಹೆಸರನ್ನು, ಎಂಟು ತಾಸನ್ನು ಬರೆದರು. ಕಸಬರಗಿ ಎರಡು. ಎರಡು ವಾರಕ್ಕೆ ಹಂಚಿಕೆಯ ಕಾಗದ ಬಂತು. ಮುಲ್ಲಾ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಜೋರಾಗಿ ಓದಿದರು. ಹಿಂದಿನ ಸಾಲಿನಲ್ಲಿ ಪ್ರವಾಸದ ಅನುದಾನ ಪೂರ್ಣವಾಗಿ ಬಳಕೆಯಾಗದ ಕಾರಣ ಈ ಸಾಲಿಗೆ ಹಂಚಿಕೆ ಇಲ್ಲ. ಪೀಠೋಪಕರಣಕ್ಕೆ ಮಾತ್ರ, ಕೇಳದೆಯೇ, ಒಂದಿಷ್ಟು ಕೊಟ್ಟಿದ್ದರು.

ಮುಲ್ಲಾ ಸರ್ ಕಾಗದ ಹಿಡಿದುಕೊಂಡೇ ಹಣಕಾಸು ವಿಭಾಗಕ್ಕೆ ಹೋದರು. ನೀಲಾಂಬಿಕಾ ಕುರ್ಚಿಯ ತುದಿಯಲ್ಲಿ ಕೂತು ನನ್ನ ಕಡೆ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಒಂದೂವರೆ ತಾಸಿನ ಮೇಲೆ ಅವರು ತಿರುಗಿ ಬಂದರು, ನಿಂತೇ ಮಾತಾಡಿದರು.

"ಉಳದೈತಿ ಅಂದ್ರ ಬೇಕಾಗಿದ್ದಿಲ್ಲ ಅಂತ ಅರ್ಥ ಅಂದ್ರು ಮೇಡಂ. ಕುರ್ಚಿ ರೊಕ್ಕಾನ ಟೂರಿಗೆ ಹಚ್ಚಗೊಡ್ರಿ ಅಂತ ಕೈ ಮುಗುದ್ಯಾ. ಆ ರೊಕ್ಕ ಆ ಬಾಬತ್ತಿಗೇ, ಬರೂದಿಲ್ಲ ಅಂದ್ರು."

ನೀಲಾಂಬಿಕಾ, "ಮಠದಾಗ ಉಂಡಿದ್ದ ತಪ್ಪಾತೇನ್ರಿ ಸರ್?" ಎಂದು ಕೇಳಿದಳು.

"ತಪ್ಪು ನನ್ನದ್ರಿ. ಉಳದದ್ದು ಕಟ್ರಿ ಅಂದಾಂವ ನಾನು. ಮೂವತ್ತ ವರ್ಷ ಇಲ್ಲೇ ಸವದೀನಿ, ಇದು ಗೊತ್ತಿರಬೇಕಿತ್ತು."

"ಉಳಿಸಿದಾಕಿ ನಾನ್ರಿ," ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಇಬ್ಬರೂ ಕೂತು ಎಲ್ಲ ದಾರಿಗಳನ್ನೂ ಯೋಚಿಸಿದರು. ವಿದ್ಯಾರ್ಥಿಗಳಿಂದ ಹಣ ಎತ್ತಬಹುದೇ? ಹೆಚ್ಚಿನವರು ಹಾಸ್ಟೆಲಿನ ಊಟದ ಬಿಲ್ಲಿಗೇ ಪರದಾಡುವ ಮಕ್ಕಳು. ಮುಲ್ಲಾ ಸರ್ ತಮ್ಮ ಕಿಸೆಯಿಂದ ಹಾಕುತ್ತೇನೆಂದರು. ಕರ್ಜಗಿಯವರ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗ ಅನುದಾನವಿಲ್ಲದ ಪ್ರವಾಸಕ್ಕೆ ಅನುಮತಿಯಿಲ್ಲ, ಅನುಮತಿಯಿಲ್ಲದ ಪ್ರವಾಸಕ್ಕೆ ವಿಮೆಯಿಲ್ಲ, ಹೊರಟರೆ ಲೆಕ್ಕಕ್ಕೂ ಬರುವುದಿಲ್ಲ. ಕೊನೆಗೆ ಕ್ಷೇತ್ರಾಧ್ಯಯನದ ಪತ್ರಿಕೆಯನ್ನು ಬಿಟ್ಟು, ಮುಲ್ಲಾ ಸರ್ ಒಬ್ಬರೇ ಕಲಿಸಬಹುದಾದ ಇನ್ನೊಂದು ಪತ್ರಿಕೆ ತೆಗೆದುಕೊಳ್ಳುವುದೊಂದೇ ಉಳಿಯಿತು. ಹಾಗಾದರೆ ಎಂಟು ತಾಸೂ ಇಲ್ಲ. ಪ್ರವಾಸದ ಸಾಲನ್ನು ಅಳಿಸಬೇಕಿತ್ತು.

ಮುಲ್ಲಾ ಸರ್ ಡಸ್ಟರಿಗೆ ಕೈ ಹಾಕಿದರು. "ನೀವು ಕೂಡ್ರಿ. ನಾ ಅಳಸ್ತೀನಿ."

"ಬ್ಯಾಡ್ರಿ ಸರ್. ಬರದಾಕಿ ನಾನು."

ಅವಳು ಎದ್ದು ಬಂದಳು. ಇಸವಿಯ ಕೆಳಗೆ ಮೊದಲ ಸಾಲು, ಐವತ್ತು ವರ್ಷದಲ್ಲಿ ಒಮ್ಮೆಯೂ ಪೂರ್ತಿ ಅಳಿಸದ ಸಾಲು. ಅವಳ ಉಸಿರು ನನಗೆ ತಾಗುತ್ತಿತ್ತು. ಡಸ್ಟರನ್ನು ಎಡದಿಂದ ಬಲಕ್ಕೆ ಒಂದೇ ಸಲ, ನಿಧಾನವಾಗಿ ಎಳೆದಳು. ಒರೆಸಿದ ಜಾಗದಲ್ಲಿ ಒಂದು ಬಿಳಿ ಮಬ್ಬು ಉಳಿಯಿತು. ಅದನ್ನೂ ಸೆರಗಿನ ತುದಿಯಿಂದ ಒರೆಸಿದಳು. ನನ್ನನ್ನು ಕಲ್ಲುಹೃದಯದವನೆಂದು ನೀವು ಅಂದುಕೊಳ್ಳಬಹುದು. ಆ ಹೊತ್ತಿನಲ್ಲಿ ನನಗೆ ಬಿರುಕು ಬಿಡಬೇಕೆನಿಸಿತು. ಬಿಡಲಾಗಲಿಲ್ಲ, ಅಷ್ಟೇ.

ಡಸ್ಟರನ್ನು ಅವಳು ಮುಲ್ಲಾ ಸರ್ ಕೈಗೆ ಕೊಟ್ಟಳು. ಅವಳ ಹೆಸರನ್ನು ಬರೆದವರು ಅವರು, ಅಳಿಸಬೇಕಾದವರೂ ಅವರೇ. ಅವರು ನನ್ನೆದುರು ನಿಂತರು. ಹೆಸರನ್ನು ನೋಡಿದರು. ಡಸ್ಟರನ್ನು ಮೇಜಿನ ಮೇಲಿಟ್ಟು, "ಆಮ್ಯಾಲೆ ಅಳಸ್ತೀನಿ, ಬಿಡ್ರಿ," ಎಂದು ಹೊರಗೆ ಹೋದರು. ನೀಲಾಂಬಿಕಾ ತನ್ನ ಸಣ್ಣ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಫಕ್ಕೀರಪ್ಪ ಚಹಾ ತಂದಿದ್ದ. ಅವಳು ಅದನ್ನು ಪೂರ್ತಿ ಕುಡಿದೇ ಹೋದಳು.

ಆ ವರ್ಷ ಬಹಳ ಉದ್ದವಾಗಿತ್ತು. ನೂರು ಕೋಟಿ ವರ್ಷ ಕಂಡವನ ಮಾತಿದು, ನಂಬಿ. ಮುಲ್ಲಾ ಸರ್ ಬೆಳಿಗ್ಗೆ ಬಂದು ಪಾಠಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಮತ್ತೆ ಹೋಗುತ್ತಿದ್ದರು. ಮಧ್ಯಾಹ್ನ ಒಬ್ಬರೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ತಾವು ಕೂರುವ ಕುರ್ಚಿಯನ್ನೇ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು. ಖಡು ಮುಟ್ಟಿದವರಿಲ್ಲ, ಡಸ್ಟರು ಮುಟ್ಟಿದವರಿಲ್ಲ. ನನ್ನ ಮೇಲೆ ಇದ್ದದ್ದು ಒಂದು ಇಸವಿ, ಒಂದು ಹೆಸರು, ಮತ್ತೆ ಕಸಬರಗಿ. ನಾನು ಆ ಹೆಸರನ್ನೇ ಒಳಗೊಳಗೆ ಓದಿಕೊಳ್ಳುತ್ತಾ ದಿನ ಕಳೆದೆ. ಬೇರೆ ಓದಲು ಏನಿತ್ತು?

ಮಾರ್ಚ್ ಬಂತು. ಪೀಠೋಪಕರಣದ ಹಣವನ್ನು ತಿಂಗಳೊಳಗೆ ಖರ್ಚು ಮಾಡಲೇಬೇಕು. ಒಮ್ಮೆ ಕೈ ಸುಟ್ಟುಕೊಂಡ ಮುಲ್ಲಾ ಸರ್ ಈ ಸಲ ಒಂದು ರೂಪಾಯಿಯನ್ನೂ ಉಳಿಸಲಿಲ್ಲ. ಹನ್ನೆರಡು ಮೆತ್ತೆಯ ಕುರ್ಚಿಗಳು ಬಂದವು, ಕೂರಲು ಒಬ್ಬರು. ಜೊತೆಗೊಂದು ಬಿಳಿ ಹಲಗೆ ಬಂತು. ಅದನ್ನು ಎಲ್ಲಿ ಹಾಕುವುದು? ಇದ್ದದ್ದು ಒಂದೇ ಗೋಡೆ.

ನನ್ನನ್ನು ಇಳಿಸಲು ಆರು ಜನ ಹಮಾಲರು ಬಂದರು. ಸಾಮಾನು ಎಣಿಸುವವನೂ ಅದೇ ದಿನ ಬಂದಿದ್ದ. ಹಳೆಯವನಲ್ಲ, ಅವನ ನಂತರದ ನಂತರದವನು. ಬೇಡವಾದ ಸಾಮಾನನ್ನು ಪಟ್ಟಿಯಿಂದ ತೆಗೆದು ಗುಜರಿಗೆ ಹಾಕಬೇಕೆಂದರೆ ಮೊದಲು ಅದು ಪಟ್ಟಿಯಲ್ಲಿರಬೇಕು. ಅವನು ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. "ಇಲ್ಲದ್ದನ್ನ ಹೆಂಗ್ರಿ ತಗೀಲಿ?" ಎಂದು ತಲೆ ಕೆರೆದುಕೊಂಡ. ಫಕ್ಕೀರಪ್ಪ ಹೇಳಿದ, "ತಗೀಬ್ಯಾಡ್ರಿ. ಹಿತ್ತಲದಾಗ ಕಟ್ಟಿ ಮಾಡ್ತೀನಿ. ಹುಡುಗೂರು ಕೂಡ್ತಾವ." ಹಮಾಲರು ನನ್ನನ್ನು ಎತ್ತಿದಾಗ ಅವನು ಜೊತೆಜೊತೆಗೇ ನಡೆದು ಬಂದ. "ಬಗಲಾಗ ಹಿಡೀರ್ಯೋ. ಬರದ ಮಾರಿಗೆ ಕೈ ಹಚ್ಚಬ್ಯಾಡ್ರಿ," ಎನ್ನುತ್ತಿದ್ದ.

ಕಟ್ಟಡದ ಹಿಂದೆ, ಹೊಂಗೆ ಮರದ ಕೆಳಗೆ, ಎಂದೋ ತಂದಿಟ್ಟಿದ್ದ ಎರಡು ಗ್ರಾನೈಟ್ ದಿಮ್ಮಿಗಳ ಮೇಲೆ ನನ್ನನ್ನು ಅಡ್ಡಲಾಗಿ ಮಲಗಿಸಿದರು. ಬರೆದ ಮುಖ ಕೆಳಗೆ. ಮೇಲೆ ಬಿಸಿಲು, ಮಳೆ, ಹಕ್ಕಿಗಳ ಹಿಕ್ಕೆ. ಕೆಳಗೆ ನೆರಳು, ಒಣ ಮಣ್ಣು. ಮೇ ತಿಂಗಳ ಕೊನೆಗೆ ಮುಲ್ಲಾ ಸರ್ ನಿವೃತ್ತರಾದರು. ಹಾರ ಹಾಕಿಸಿಕೊಂಡವರು ಹಿಂದಿನ ಬಾಗಿಲಿನಿಂದ ಬಂದು, ನನ್ನ ಪಕ್ಕ ಸ್ವಲ್ಪ ಹೊತ್ತು ನಿಂತು ಹೋದರು. ಬೋಧಿಸಲು ಖಾಯಂ ಅಧ್ಯಾಪಕರಿಲ್ಲದ ವಿಭಾಗವನ್ನು ಪರಿಸರ ವಿಜ್ಞಾನದ ಜೊತೆ ಸೇರಿಸಿದರು. ಬಿಳಿ ಹಲಗೆಯ ಮೇಲೆ ಈಗ ಏನು ಬರೆಯುತ್ತಾರೋ ನನಗೆ ಗೊತ್ತಿಲ್ಲ.

ಒಂದು ವರ್ಷ ಕಳೆದ ಮೇಲೆ ನೀಲಾಂಬಿಕಾ ಬಂದಳು. ಊರಿನ ಖಾಸಗಿ ಕಾಲೇಜೊಂದರಲ್ಲಿ ಕೆಲಸ ಸಿಗುವಂತಿತ್ತು, ಅದಕ್ಕೆ ಅನುಭವದ ಪ್ರಮಾಣಪತ್ರ ಬೇಕಿತ್ತಂತೆ. ಕಚೇರಿಯವರು ಮಧ್ಯಾಹ್ನದ ತನಕ ಕಾಯಿರಿ ಎಂದಿದ್ದರು. ನೆರಳು ಕಂಡು ಹಿಂದೆ ಬಂದವಳು ನನ್ನ ಮೇಲೆ ಕೂತಳು. ಕೂದಲು ಬೆಳ್ಳಗಾಗಿತ್ತು. ಅವಳೇ ಎಂದು ನನಗೆ ಕೂಡಲೇ ತಿಳಿಯಿತು. ಅವಳಿಗೆ ನಾನು ಯಾವುದೋ ಕಟ್ಟೆ.

ಚೀಲದಿಂದ ಬುತ್ತಿ ತೆಗೆಯುವಾಗ ಅವಳ ಕೈ ನನ್ನ ಅಂಚಿಗೆ ತಾಗಿತು. ಬೆರಳು ಅಲ್ಲೇ ನಿಂತಿತು. ಬಗ್ಗಿ ನೋಡಿದಳು. 'ಬಾ' ಎಂದು ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ. ಭೂತಗನ್ನಡಿ ತೆಗೆದು ಆ ಹುಣಸೆಬೀಜದ ಕುಳಿಯ ಮೇಲೆ ಹಿಡಿದಳು, ಯಾವತ್ತಿನ ಹಾಗೆ ಒಂದು ಕಣ್ಣು ಮುಚ್ಚಿ.

"ಇಲ್ಲಿ ಬಂದು ಬಿದ್ದೀಯೇನು ನೀನು?" ಎಂದಳು.

ನನ್ನ ಜೊತೆ ಯಾರಾದರೂ ಮಾತಾಡಿದ್ದು ಅದೇ ಮೊದಲು. ಉತ್ತರ ಕೊಡಲು ಬರಲಿಲ್ಲ. ಈಗ ಒಂದು ಹನಿ ಆ್ಯಸಿಡ್ ಬಿದ್ದಿದ್ದರೆ ನಾನು ಮತ್ತೊಮ್ಮೆ ಬುಸ್ಸೆನ್ನುತ್ತಿದ್ದೆ.

ಫಕ್ಕೀರಪ್ಪ ಚಹಾದ ಲೋಟ ಹಿಡಿದು ಬಂದ. ಅವಳನ್ನು ಕಂಡು ಅವನ ಮುಖ ಅರಳಿತು. ಪ್ರಮಾಣಪತ್ರದ ವಿಷಯ ಕೇಳಿದ.

"ಹದಿನೆಂಟ ವರ್ಷ ಅಂತ ಬರಿಯಾಕ ಬರೂದಿಲ್ಲಂತ ಫಕ್ಕೀರಪ್ಪ. ಪ್ರತೀ ವರ್ಷ ಬಿಡುಗಡೆ ಆಗೇತಲ್ಲ. ಕಡೀ ವರ್ಷದ ಹತ್ತ ತಿಂಗಳದ್ದು ಕೊಡ್ತೀವಿ ಅಂದಾರ."

ಫಕ್ಕೀರಪ್ಪ ಲೋಟವನ್ನು ಅವಳ ಕೈಗೆ ಕೊಟ್ಟ. ಅವಳು ಚಹಾ ಕುಡಿಯುತ್ತಾ ನನ್ನನ್ನು ಸವರುತ್ತಿದ್ದಳು. ಆಮೇಲೆ ಕೇಳಿದಳು, "ಬರದ ಮಾರಿ ಕೆಳಗೈತೇನು?"

"ಹೌದ್ರಿ."

"ಎಲ್ಲಾ ಅಳಿಸಿ ಮಲಗಿಸೀರೇನು?"

"ಕಸಬರಗಿ ನಾ ಅಳಿಸೀನ್ರಿ. ಇಸವಿ ಹಮಾಲರ ಕೈಗೆ ಹೋತು," ಎಂದ ಅವನು. ನನ್ನ ಅಂಚು ತಟ್ಟಿ, "ನಿಮ್ಮ ಹೆಸರು ಐತ್ರಿ. ಮುಲ್ಲಾ ಸರ್ ಅಳಸಲಿಲ್ಲ. ಬರದವ್ರ ಅಳಸ್ಬೇಕಲ್ರಿ, ನಾ ಹೆಂಗ ಅಳಸ್ಲಿ?" ಎಂದ.

ಅವಳು ಲೋಟ ಕೆಳಗಿಟ್ಟಳು. ನನ್ನ ಮೇಲಿಂದ ಎದ್ದು ಮಣ್ಣಿನ ಮೇಲೆ ಮಂಡಿಯೂರಿದಳು. ನನ್ನ ಅಡಿಯಲ್ಲಿ ಕತ್ತಲೆ, ಬಗ್ಗಿದರೂ ಕಾಣುವುದಿಲ್ಲ. ಕೈ ಒಳಗೆ ಚಾಚಿದಳು. ಬೆರಳುಗಳು ನನ್ನ ಹೊಟ್ಟೆಯ ಹತ್ತಿರಕ್ಕೆ, ಮೊದಲ ಅಕ್ಷರದ ಒಂದು ಗೇಣು ದೂರಕ್ಕೆ ಬಂದವು. ಅಲ್ಲಿ ನಿಂತವು. ಖಡುವಿನ ಬರಹ, ಮುಟ್ಟಿದರೆ ಕೈಗೆ ಬರುತ್ತದೆ. ಅದು ಅವಳಿಗೆ ಗೊತ್ತಿತ್ತು. ಮೆಲ್ಲಗೆ ಕೈ ಹಿಂದೆ ತೆಗೆದುಕೊಂಡಳು.

ಬುತ್ತಿಯಲ್ಲಿ ಅರ್ಧವನ್ನು ಫಕ್ಕೀರಪ್ಪನಿಗೆ ಕೊಟ್ಟಳು. ಇಬ್ಬರೂ ನನ್ನ ಮೇಲೆ ಕೂತು ರೊಟ್ಟಿ ತಿಂದರು. ಕಚೇರಿಯಿಂದ ಕರೆ ಬಂದಾಗ ಅವಳು ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಹೋದಳು. ತಿರುಗಿ ಬಂದಿಲ್ಲ.

ಫಕ್ಕೀರಪ್ಪನೂ ಈಗ ನಿವೃತ್ತನಾಗಿದ್ದಾನೆ. ಮಧ್ಯಾಹ್ನ ಹುಡುಗ ಹುಡುಗಿಯರು ಬಂದು ಕೂರುತ್ತಾರೆ, ಮೊಬೈಲು ನೋಡುತ್ತಾರೆ, ಎದ್ದು ಹೋಗುತ್ತಾರೆ. ನಾನು ಯಾವ ಕಲ್ಲೆಂದು ಯಾರೂ ಕೇಳುವುದಿಲ್ಲ. ಭಾನುವಾರಗಳು ಬಹಳ ಉದ್ದ. ಈ ವಿಶ್ವವಿದ್ಯಾಲಯದ ಯಾವ ಪುಸ್ತಕದಲ್ಲೂ ನಾನಿಲ್ಲ, ಹತ್ತು ತಿಂಗಳು ಬಿಟ್ಟರೆ ಅವಳೂ ಇಲ್ಲ. ಆದರೆ ಇಲ್ಲಿ, ಮಳೆ ತಾಗದ ಕಡೆ, ಅವಳ ಹೆಸರಿದೆ, ಎಂಟು ತಾಸಿದೆ. ಅಳಿಸಬೇಕಾದವರು ವಿಜಯಪುರದಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಅವರು ಬರುವ ತನಕ ಅದು ಇಲ್ಲೇ ಇರುತ್ತದೆ, ಅವರು ಬರುವುದಿಲ್ಲವೆಂದೂ ನನಗೆ ಗೊತ್ತು. ಕಾಯುವುದು ನನಗೆ ಹೊಸ ಕೆಲಸವೇನಲ್ಲ.